ಶೇಷಗಿರಿಯವರ ಇಂಜಿನ್ನು ಪಾಸಾದ ವರ್ಷ

ನಾನು ಪೆಟ್ರೋಲ್ ಬಂಕಿನ ಪಕ್ಕದ ಗೂಡಂಗಡಿಯಲ್ಲಿ ಕೂತು ಸ್ಕೂಟರುಗಳಿಗೆ ಹೊಗೆ ಸರ್ಟಿಫಿಕೇಟು ಕೊಡುತ್ತೇನೆ ಎಂದೇ ನಮ್ಮ ಅತ್ತೆ ಕೊನೆಯವರೆಗೂ ನಂಬಿದ್ದರು. ವಿಜಯನಗರದ ನಮ್ಮ ಬೀದಿಯವರೂ ಹಾಗೇ. "ವತ್ಸಲಾ, ನಮ್ಮನೆಯವರ ಗಾಡಿ ಡೇಟ್ ಮುಗ್ದಿದೆ ಕಣೇ, ಒಂದು ಸ್ಟಿಕ್ಕರ್ ಮಾಡಿಸ್ಕೊಡೇ" ಎಂದು ಎದುರುಮನೆಯಾಕೆ ಹಬ್ಬದ ಕೋಸಂಬರಿ ಕೊಡುವಾಗಲೆಲ್ಲ ಕೇಳುತ್ತಿದ್ದಳು. ಮೊದಮೊದಲು ಬಿಡಿಸಿ ಹೇಳುತ್ತಿದ್ದೆ. ಆಮೇಲೆ ಸಾಕಾಗಿ, "ಆಗ್ಲಿ, ನೋಡೋಣ" ಎಂದು ಕೋಸಂಬರಿ ಇಸಿದುಕೊಂಡು ಒಳಗೆ ಹೋಗುತ್ತಿದ್ದೆ.

ಈಗ ನಿವೃತ್ತಿಯಾಗಿದೆ, ಪುರುಸೊತ್ತಿದೆ. ನಾನು ಮಾಡಿದ ಕೆಲಸಕ್ಕೇ ಈಗ ಸೇರುತ್ತಿರುವ ಹುಡುಗ ಹುಡುಗಿಯರು ಆಗಾಗ ಫೋನು ಮಾಡುತ್ತಾರೆ. ಯಾವ ಸಾಫ್ಟ್‌ವೇರು ಕಲಿಯಬೇಕು ಎಂದು ಕೇಳುತ್ತಾರೆಯೇ ಹೊರತು ಕೆಲಸ ಹೇಗಿರುತ್ತದೆ ಎಂದು ಒಬ್ಬರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುವುದು ನನ್ನ ಹಳೆಯ ಚಾಳಿ. ನನ್ನ ಬಡ್ತಿಗಳ ವಿಚಾರ ಬಿಡಿ, ಅದು ನನ್ನ ಗಂಡನಿಗೇ ನೆನಪಿಲ್ಲ. ನಾನು ಹೇಳಬೇಕಾದದ್ದು ಒಂದು ಇಂಜಿನ್ನಿನ ಕಥೆ. ಅದಕ್ಕೆ ಮೊದಲು ಒಂದೆರಡು ಪೀಠಿಕೆ ಬೇಕು.

ಕೆಂಗೇರಿ ದಾಟಿ ಮೈಸೂರು ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಕಂಪನಿಯ ಪ್ರಯೋಗಶಾಲೆ ಇತ್ತು. ಕಡಿಮೆ ಪೆಟ್ರೋಲು ಕುಡಿಯುವ ಇಂಜಿನ್ನು ಮಾಡಬೇಕು, ಅದರ ಹೊಗೆಯೂ ಶುದ್ಧವಾಗಿರಬೇಕು. ಇದು ನಮ್ಮ ಕೆಲಸ. ಕೇಳುವುದಕ್ಕೆ ಚೆನ್ನಾಗಿದೆ, ಆದರೆ ಈ ಎರಡೂ ಎಣ್ಣೆ ಸೀಗೆಕಾಯಿ. ಇಂಜಿನ್ನಿಗೆ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ ಕೊಟ್ಟರೆ ಮೈಲೇಜು ಬರುತ್ತದೆ. ಆದರೆ ಹೊಗೆಯ ವಿಷವನ್ನು ಕೊಲ್ಲಲು ಸೈಲೆನ್ಸರಿನ ಮುಂದೆ ಇಡುವ ಕ್ಯಾಟಲಿಸ್ಟ್ ಡಬ್ಬಿ ಇದೆಯಲ್ಲ, ಅದಕ್ಕೆ ಗಾಳಿಯೂ ಪೆಟ್ರೋಲೂ ಸಮತೂಕದಲ್ಲಿದ್ದರೆ ಮಾತ್ರ ಕೈ ಓಡುತ್ತದೆ. ಗಾಳಿ ಹೆಚ್ಚಾದರೆ ಸಾರಜನಕದ ವಿಷ ಹಾಗೇ ಹೊರಗೆ ಬಂದು ನಮ್ಮ ನಿಮ್ಮ ಶ್ವಾಸಕೋಶಕ್ಕೆ ಹೋಗುತ್ತದೆ.

ಇದಕ್ಕೆ ಒಂದು ಉಪಾಯ ಹಿಡಿದವರು ನನ್ನ ಮೇಲಧಿಕಾರಿ ಶೇಷಗಿರಿ. ಸಾರಜನಕದ ವಿಷವನ್ನು ಸ್ಪಂಜಿನ ಹಾಗೆ ಹೀರಿಕೊಳ್ಳುವ ಇನ್ನೊಂದು ಡಬ್ಬಿಯನ್ನು ಅವರು ಇಂಜಿನ್ನಿಗೆ ಹಾಕಿಸಿದರು. ಸ್ಪಂಜು ತುಂಬಿದಾಗ ಹಿಂಡಬೇಕು. ಹಿಂಡುವುದೆಂದರೆ ಇಂಜಿನ್ನಿಗೆ ಒಂದು ಗುಟುಕು ಹೆಚ್ಚು ಪೆಟ್ರೋಲು ಕುಡಿಸುವುದು. ಆ ಗುಟುಕಿನಲ್ಲಿ ಸ್ವಲ್ಪ ಸುಡದೆ ಆವಿಯಾಗಿ ಹೊರಗೆ ಜಾರುತ್ತಿತ್ತು. ನಮ್ಮ ಇಂಜಿನ್ನು ವರ್ಷಗಟ್ಟಲೆ ಫೇಲಾಗುತ್ತಿದ್ದದ್ದು ಈ ಆವಿಯಿಂದಲೇ. ಮೈಲೇಜು ಪಾಸು, ಸಾರಜನಕ ಪಾಸು, ಆವಿ ಫೇಲು. ಹಿಂಡುವುದನ್ನು ಕಡಿಮೆ ಮಾಡಿದರೆ ಸಾರಜನಕ ಫೇಲು. ಅತ್ತ ದರಿ ಇತ್ತ ಪುಲಿ.

ಶೇಷಗಿರಿಯವರು ಮಹಾ ಕೋಪಿಷ್ಠರು. ತಪ್ಪು ಗ್ರಾಫು ತಂದವರ ಎದುರಿಗೇ ಅದನ್ನು ಮಡಿಸಿ, ಅಲ್ಲಾಡುವ ಮೇಜಿನ ಕಾಲಿನ ಕೆಳಗೆ ಇಡುತ್ತಿದ್ದರು. ನನ್ನ ಮೊದಲ ವರ್ಷದ ಗ್ರಾಫುಗಳ ಮೇಲೇ ಆ ಮೇಜು ಬಹಳ ಕಾಲ ನೆಟ್ಟಗೆ ನಿಂತಿತ್ತು. ಆದರೆ ಅವರಿಗೆ ಆ ಇಂಜಿನ್ನಿನ ಮೇಲೆ ಇದ್ದ ಪ್ರೀತಿ ನೋಡಿದವರು ಬೈಗುಳ ಮರೆಯುತ್ತಿದ್ದರು. ಬೆಳಗ್ಗೆ ಕೆಂಗೇರಿಗೆ ಸೊಪ್ಪು, ಹೂವು ತರುವ ಪುಟ್ಟ ಗೂಡ್ಸ್ ಗಾಡಿಗಳಿಗಾಗಿ ಮಾಡಿದ ಇಂಜಿನ್ನು ಅದು. ರಸ್ತೆ ಬದಿಯಲ್ಲಿ ಅಂಥ ಗಾಡಿ ನಿಂತಿದ್ದರೆ ಡ್ರೈವರನ್ನು ಮಾತಾಡಿಸಿ, ಲೀಟರಿಗೆ ಎಷ್ಟು ಕೊಡುತ್ತದೆ ಎಂದು ಕೇಳದೆ ಮುಂದೆ ಹೋಗುತ್ತಿರಲಿಲ್ಲ.

ಪರೀಕ್ಷೆ ನಡೆಸುತ್ತಿದ್ದವನು ರಾಜಣ್ಣ. ಉಲ್ಲಾಳದ ಹಳೆಯ ಒಕ್ಕಲು ಮನೆಯವನು. ಅವರ ಹೊಲವೆಲ್ಲ ಲೇಔಟಾಗಿ, ಕೂತು ತಿನ್ನುವಷ್ಟು ಬಾಡಿಗೆ ಬರುತ್ತಿದ್ದರೂ ಗಾಡಿಗಳ ಹುಚ್ಚಿಗೆ ಕೆಲಸಕ್ಕೆ ಬರುತ್ತಿದ್ದ. ಪರೀಕ್ಷೆಯೆಂದರೆ ಗಾಡಿಯ ಚಕ್ರಗಳನ್ನು ದೊಡ್ಡ ಉರುಳೆಗಳ ಮೇಲೆ ನಿಲ್ಲಿಸಿ, ಪರದೆಯ ಮೇಲೆ ಏರಿಳಿಯುವ ಗೆರೆಗೆ ಸರಿಯಾಗಿ ವೇಗ ಹೆಚ್ಚಿಸುತ್ತ ಇಳಿಸುತ್ತ ನಿಂತಲ್ಲೇ ಓಡಿಸುವುದು. ರಾಜಣ್ಣನ ಕಾಲು ಎಷ್ಟು ಮೃದು ಎಂದರೆ, "ನೀನು ಓಡಿಸಿದ್ರೆ ಎಮ್ಮೆನೂ ಪಾಸಾಗುತ್ತೆ ಕಣಯ್ಯ" ಎಂದು ಶೇಷಗಿರಿಯವರು ರೇಗಿಸುತ್ತಿದ್ದರು. ಮುಂದೆ ಪೆಡಲು ತುಳಿಯಲು ರೋಬೋ ಬಂತು. ಅದು ಬಂದ ದಿನ ರಾಜಣ್ಣ ಅದರ ಪಕ್ಕದ ಸೀಟಿನಲ್ಲಿ ಕೂತು, ಅತ್ತೆ ಹೊಸ ಸೊಸೆಯ ಅಡುಗೆ ನೋಡುವ ಹಾಗೆ ಮುಖ ಮಾಡಿಕೊಂಡಿದ್ದ.

ಎಡವಟ್ಟುಗಳಿಗೇನೂ ಬರವಿರಲಿಲ್ಲ. ಪರೀಕ್ಷೆಗೆ ಮುಂಚೆ ಗಾಡಿಯನ್ನು ಸ್ಟಾರ್ಟ್ ಮಾಡದೆ ಒಂದು ಕೋಣೆಯಲ್ಲಿ ಇಡೀ ರಾತ್ರಿ ತಣ್ಣಗಾಗಲು ಬಿಡಬೇಕು. ಇಂಜಿನ್ನು ತಣ್ಣಗಿರುವಾಗಿನ ಹೊಗೆಯೇ ಅತಿ ಕೆಟ್ಟದ್ದು, ಅದನ್ನೇ ಅಳೆಯಬೇಕು. ಒಂದು ಸಲ ಹೊಸ ಸೆಕ್ಯುರಿಟಿಯವನು ಪಾಪ, ಚಳಿಗೆ ಬ್ಯಾಟರಿ ಕೂತೀತು ಎಂದು ಬೆಳಗಾಗುವ ಮುಂಚೆ ಎಲ್ಲ ಗಾಡಿಗಳನ್ನೂ ಸ್ಟಾರ್ಟ್ ಮಾಡಿ ಬೆಚ್ಚಗೆ ಇಟ್ಟಿದ್ದ. "ನಿಮಗೆ ಬೇಗ ಆಗ್ಲಿ ಅಂತ ಸಾರ್" ಎಂದು ಸೆಲ್ಯೂಟು ಬೇರೆ ಹೊಡೆದ. ಅಂದಿನ ಪರೀಕ್ಷೆಗಳೆಲ್ಲ ರದ್ದು.

ಆಮೇಲೆ ಅಳೆಯುವ ಪೆಟ್ಟಿಗೆಯನ್ನು ಗಾಡಿಯ ಹಿಂದೆಯೇ ಕಟ್ಟಿಕೊಂಡು ರಸ್ತೆಯಲ್ಲಿ ಪರೀಕ್ಷೆ ಮಾಡುವ ಕ್ರಮ ಬಂತು. ಕೆಂಗೇರಿ ಬಸ್ ನಿಲ್ದಾಣದ ಮುಂದೆ ಟ್ರಾಫಿಕ್ಕಿನಲ್ಲಿ ನಿಂತಾಗ ಆಟೋದವನೊಬ್ಬ ಕೊಳವೆಗಳನ್ನೆಲ್ಲ ನೋಡಿ, "ಏನ್ ಮೇಡಂ, ಗಾಡಿನ ಐಸಿಯುಗೆ ಹಾಕಿದೀರಾ?" ಎಂದ. ನಕ್ಕೆ. ಆದರೆ ಆವಿಯ ಮಟ್ಟಿಗೆ ನಮ್ಮ ಇಂಜಿನ್ನು ನಿಜವಾಗಿಯೂ ಐಸಿಯುನಲ್ಲೇ ಇತ್ತು.

ಕೊನೆಗೆ ಹೆಡ್ ಆಫೀಸಿನವರ ತಾಳ್ಮೆ ಮುಗಿಯಿತು. ಆ ವರ್ಷದ ಕೊನೆಗೆ ಒಂದು ಸಭೆ, ಅಲ್ಲಿ ಪಾಸಾದರೆ ಇಂಜಿನ್ನು ತಯಾರಿಕೆಗೆ ಹೋಗುತ್ತದೆ, ಇಲ್ಲವಾದರೆ ಯೋಜನೆಯೇ ಬಂದ್ ಎಂದರು. ಶೇಷಗಿರಿಯವರು ನಿವೃತ್ತಿಯ ವಯಸ್ಸು ದಾಟಿ ಈ ಇಂಜಿನ್ನಿಗಾಗಿಯೇ ಉಳಿದಿದ್ದರು. ಅವರಿಗೆ ಇನ್ನೊಂದು ಇಂಜಿನ್ನು ಮಾಡುವಷ್ಟು ಕಾಲ ಉಳಿದಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮಲ್ಲಿ ಆಯುಧಪೂಜೆ ಜೋರು. ಗಾಡಿಗಳಿಗೆ ಬಾಳೆಕಂದು, ಚಕ್ರಕ್ಕೆ ನಿಂಬೆಹಣ್ಣು, ಕಂಪ್ಯೂಟರಿಗೂ ವಿಭೂತಿಪಟ್ಟೆ. ಆದರೆ ಪೆಟ್ರೋಲು ಇರುವ ಜಾಗವಾದ್ದರಿಂದ ಪರೀಕ್ಷಾ ಕೋಣೆಯೊಳಗೆ ಬೆಂಕಿ ಹಚ್ಚಕೂಡದು, ಅದು ಶೇಷಗಿರಿಯವರ ಕಟ್ಟಪ್ಪಣೆ. ಮಂಗಳಾರತಿ ಏನಿದ್ದರೂ ಅಂಗಳದಲ್ಲಿ. ಆ ವರ್ಷ ರಾಜಣ್ಣ ಚಾಮುಂಡಿಯ ಒಂದು ಫೋಟೋ ತಂದು ಪರೀಕ್ಷಾ ಕೋಣೆಯ ಗೋಡೆಯ ಗೂಡಿನಲ್ಲಿ ಇಟ್ಟ. "ಹಬ್ಬ ಮುಗಿದ್ರೂ ಅಮ್ಮ ಇಲ್ಲೇ ಇರ್ಲಿ ಸಾರ್, ಇಂಜಿನ್ ಪಾಸಾಗೋವರೆಗೂ" ಎಂದ. ದೇವರು ದಿಂಡರೆಂದರೆ ಮುಖ ಗಂಟಿಕ್ಕುವ ಶೇಷಗಿರಿಯವರು ಅಂದು ಯಾಕೋ, "ಇರ್ಲಿ ಬಿಡಯ್ಯ, ಬೆಂಕಿ ಮಾತ್ರ ಹಚ್ಬೇಡ" ಎಂದರು.

ಆಮೇಲಿನ ವಾರ ಇಂಜಿನ್ನು ಪಾಸಾಯಿತು.

ನಾವು ನಂಬಲಿಲ್ಲ. ಮತ್ತೆ ಓಡಿಸಿದೆವು, ಮತ್ತೆ ಪಾಸು. ದೀಪಾವಳಿಯ ಹೊತ್ತಿಗೆ ಮತ್ತೊಮ್ಮೆ ಓಡಿಸಿದೆವು, ಇನ್ನೂ ಚೆನ್ನಾಗಿ ಪಾಸು. ಹಿಂಡುವ ಕ್ರಮದಲ್ಲಿ ಆಗಷ್ಟೇ ಸಣ್ಣ ಬದಲಾವಣೆ ಮಾಡಿದ್ದೆವು, ಅದರ ಫಲ ಎಂದುಕೊಂಡೆವು. ಶೇಷಗಿರಿಯವರು ರಾಜಣ್ಣನ ಬೆನ್ನು ತಟ್ಟಿ, "ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತಾರೆ. ನೀನು ಒಳ್ಳೇ ಪೂಜಾರಿ ಕಣಯ್ಯ" ಎಂದು ನಕ್ಕರು. ಅವರು ಬಾಯಿ ತುಂಬ ನಕ್ಕದ್ದನ್ನು ನಾನು ಅಂದೇ ನೋಡಿದ್ದು. ನನಗೆ ಕಣ್ಣು ತುಂಬಿ ಬಂತು. ವರದಿ ಹೆಡ್ ಆಫೀಸಿಗೆ ಹೋಯಿತು.

ಇಲ್ಲಿ ಒಂದು ವಿಷಯ ತಿಳಿಸಬೇಕು. ಕೋಣೆಯ ಗಾಳಿಯಲ್ಲೇ ಮೊದಲಿಂದ ಸ್ವಲ್ಪ ಕೊಳೆ ಇರುತ್ತದಲ್ಲ, ಅದನ್ನು ಗಾಡಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಅದಕ್ಕೆ ಒಂದು ಸಣ್ಣ ಕೊಳವೆ ಕೋಣೆಯ ಗಾಳಿಯನ್ನು ಪ್ರತ್ಯೇಕವಾಗಿ ಎಳೆದು ಅಳೆಯುತ್ತದೆ. ಗಾಡಿಯ ಅಳತೆಯಿಂದ ಅದನ್ನು ಕಳೆಯುತ್ತೇವೆ. ಅಕ್ಕಿ ತೂಗುವಾಗ ಗೋಣಿಚೀಲದ ತೂಕ ಕಳೆದ ಹಾಗೆ. ಚೀಲವೇ ಭಾರ ಎಂದು ತಪ್ಪಾಗಿ ಹಿಡಿದರೆ ಅಕ್ಕಿ ಕಡಿಮೆ ಕಾಣುತ್ತದೆ. ನಮ್ಮಲ್ಲಿ ಆ ತಿಂಗಳು ಕೋಣೆಯ ಗಾಳಿಯ ಅಳತೆ ಹೆಚ್ಚಾಗಿತ್ತು. ಮಿತಿಯ ಒಳಗೇ ಇತ್ತು, ಆದರೂ ಹೆಚ್ಚು. ಊರೆಲ್ಲ ಪಟಾಕಿ ಹೊಗೆ, ಅದಕ್ಕೇ ಎಂದು ಎಲ್ಲರೂ ಸುಮ್ಮನಾದೆವು.

ಪಟಾಕಿ ಮುಗಿದು ಮಳೆಯೂ ಬಂದು ಗಾಳಿ ತೊಳೆದು ಹೋಯಿತು. ಅಳತೆ ಮಾತ್ರ ಇಳಿಯಲಿಲ್ಲ. ನನಗೆ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಆಯಿತು. ಕೊಳವೆಯ ಜಾಡು ಹಿಡಿದು ಹೋದೆ. ಅದರ ಬಾಯಿ ಇದ್ದದ್ದು ಗೋಡೆಯ ಆ ಗೂಡಿನಲ್ಲಿ, ಚಾಮುಂಡಿಯ ಫೋಟೋದ ಹಿಂದೆ. ಬಗ್ಗಿದರೆ ಗರ್ಭಗುಡಿಯ ವಾಸನೆ. ಫೋಟೋದ ಮುಂದೆ ಹಿತ್ತಾಳೆ ತಟ್ಟೆ, ತಟ್ಟೆಯ ತುಂಬ ಕರ್ಪೂರದ ಬಿಲ್ಲೆಗಳು.

"ಇದೇನು ರಾಜಣ್ಣ?"

"ಹಚ್ಬೇಡ ಅಂದ್ರಲ್ಲ ಮೇಡಂ ಸಾರು. ಅದಕ್ಕೇ ಹಚ್ದೆ ಬರೀ ಇಟ್ಟಿದೀನಿ." ಆಮೇಲೆ ದನಿ ತಗ್ಗಿಸಿ, "ಅಮ್ಮ ತಗೋತಾ ಇದಾಳೆ ಮೇಡಂ. ದಿನಾ ಒಂಚೂರು ಕರಗುತ್ತೆ. ನಾನು ಮತ್ತೆ ತುಂಬಿಸ್ತೀನಿ" ಎಂದ. ಅವನ ಮುಖದ ತುಂಬ ಸಂತೋಷವಿತ್ತು.

ಹಚ್ಚಿದ್ದರೆ ಆ ಕರ್ಪೂರ ಕ್ಷಣದಲ್ಲಿ ಉರಿದು ಹೋಗುತ್ತಿತ್ತು. ಹಚ್ಚದೆ ಇಟ್ಟದ್ದರಿಂದ ಹಗಲೂ ರಾತ್ರಿ ಆವಿಯಾಗಿ ನೇರ ಕೊಳವೆಯ ಬಾಯಿಗೆ ಹೋಗುತ್ತಿತ್ತು. ನಮ್ಮ ಯಂತ್ರಕ್ಕೆ ಕರ್ಪೂರದ ಆವಿಯೂ ಒಂದೇ, ಪೆಟ್ರೋಲಿನ ಆವಿಯೂ ಒಂದೇ. ದೇವಿಯ ಪಾಲಿನ ಕರ್ಪೂರವನ್ನು ಕೋಣೆಯ ಕೊಳೆಯೆಂದು ತಿಳಿದು, ಅದನ್ನು ಗಾಡಿಯ ಲೆಕ್ಕದಿಂದ ಕಳೆಯುತ್ತಿತ್ತು. ತಟ್ಟೆಯನ್ನು ಅಂಗಳಕ್ಕೆ ಸಾಗಿಸಿ, ಕೋಣೆಗೆ ಚೆನ್ನಾಗಿ ಗಾಳಿಯಾಡಿಸಿ ಮರುದಿನ ಓಡಿಸಿದೆ. ಫೇಲು. ತಟ್ಟೆ ಮತ್ತೆ ಇಟ್ಟು ಓಡಿಸಿದೆ. ಪಾಸು.

ಶೇಷಗಿರಿಯವರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಮೇಜು ಗುದ್ದುತ್ತಾರೆ ಎಂದುಕೊಂಡಿದ್ದೆ. ಗುದ್ದಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

"ಇನ್ನೊಂದ್ ಸಲ ನೋಡು."

"ನೋಡ್ದೆ ಸಾರ್. ಹೊಸ ಸೆಟ್ಟಿಂಗಿಂದ ಒಂಚೂರು ಇಳಿದಿದೆ, ಸಾಕಾಗಿಲ್ಲ."

"ಯಾರ್ಯಾರಿಗೆ ಗೊತ್ತು?"

ಈ ಪ್ರಶ್ನೆ ನನಗೆ ಚುಚ್ಚಿತು. "ನನಗೆ. ಈಗ ನಿಮಗೆ. ರಾಜಣ್ಣನಿಗೆ ತಟ್ಟೆ ತೆಗೆದದ್ದು ಗೊತ್ತು, ಯಾಕೇಂತ ಗೊತ್ತಿಲ್ಲ."

"ಅವನಿಗೆ ಹೇಳ್ಬೇಡ. ಸಭೆಗೆ ನೀನೂ ಬಾ. ಸ್ಲೈಡು ಹಾಗೇ ಇರ್ಲಿ."

ಸ್ಲೈಡು ಹಾಗೇ ಇರಲಿ ಎಂದರೆ ಏನು ಅರ್ಥ? ಕೇಳುವ ಧೈರ್ಯ ಬರಲಿಲ್ಲ. ಅವರೂ ಆಮೇಲೆ ನನ್ನೊಂದಿಗೆ ಆ ಮಾತೆತ್ತಲಿಲ್ಲ. ಸಭೆಯ ದಿನದವರೆಗೆ ನನಗೆ ಅನ್ನ ಸೇರಲಿಲ್ಲ. ತಯಾರಿಕೆಗೆ ಹೋದ ಮೇಲೆ ಸರ್ಕಾರದ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ ಎಂದು ಒಂದು ಮನಸ್ಸು. ಅಷ್ಟರಲ್ಲಿ ಸರಿಪಡಿಸಿಕೊಳ್ಳಬಹುದು, ಇಷ್ಟು ಹತ್ತಿರ ಬಂದಿದ್ದೇವೆ ಎಂದು ಇನ್ನೊಂದು ಮನಸ್ಸು. ಈ ಎರಡನೆಯ ಮನಸ್ಸಿನ ಬಗ್ಗೆ ನಿಮಗೆ ಯಾವ ಪಠ್ಯಪುಸ್ತಕವೂ ಹೇಳಿಕೊಡುವುದಿಲ್ಲ. ಅದು ಸುಳ್ಳು ಹೇಳು ಎಂದು ಯಾವತ್ತೂ ಹೇಳುವುದಿಲ್ಲ. ಸ್ವಲ್ಪ ತಡಿ ಎಂದಷ್ಟೇ ಹೇಳುತ್ತದೆ.

ಸಭೆ ನಡೆದದ್ದು ಊರ ಮಧ್ಯದ ಹೆಡ್ ಆಫೀಸಿನಲ್ಲಿ. ಶೇಷಗಿರಿಯವರು ಹಳೆಯ ಸ್ಲೈಡುಗಳನ್ನೇ ಹಾಕಿದರು. ಹಸಿರು ಅಕ್ಷರದಲ್ಲಿ ಪಾಸು, ಪಾಸು, ಪಾಸು. ನಿರ್ದೇಶಕರು ಖುಷಿಯಾಗಿ, "ಅಂತೂ ಹೆರಿಗೆ ಆಯ್ತಲ್ರೀ ಶೇಷಗಿರಿ" ಎಂದರು. ಎಲ್ಲರೂ ನಕ್ಕರು, ಕೆಲವರು ಚಪ್ಪಾಳೆ ತಟ್ಟಿದರು. "ಏನಾದ್ರೂ ಹೇಳೋದಿದೆಯಾ ಯಾರಿಗಾದ್ರೂ?" ಎಂದು ನಿರ್ದೇಶಕರು ಕೇಳಿದರು.

ಶೇಷಗಿರಿಯವರು ಕೂತೇ ಇದ್ದರು. ನಾನು ಮೇಜಿನ ಅಂಚು ಹಿಡಿದುಕೊಂಡಿದ್ದೆ. ಕುರ್ಚಿ ಹಿಂದಕ್ಕೆ ಸರಿಸಬೇಕು, ಏಳಬೇಕು, ಬಾಯಿ ತೆರೆಯಬೇಕು. ಅಷ್ಟೇ ಕೆಲಸ. ಎದ್ದರೆ ಅವರ ಇಂಜಿನ್ನನ್ನು ಎಲ್ಲರೆದುರು ನಾನೇ ಕೊಂದ ಹಾಗೆ. ಅವರು ತಲೆಯೆತ್ತಿ ನನ್ನತ್ತ ಒಂದು ಸಲ ನೋಡಿದರು. ಆಮೇಲೆ ಮೇಜಿಗೆ ಕೈಯೂರಿ ತಾವೇ ಎದ್ದರು.

"ಆ ಅಂಕಿಗಳು ಸುಳ್ಳು ಸಾರ್. ಇಂಜಿನ್ ಫೇಲಾಗಿದೆ."

ಗದ್ದಲವಾಯಿತು. ಕೋಣೆಯ ಗಾಳಿಯ ಅಳತೆ ಕೆಟ್ಟಿತ್ತು ಎಂದು ಅವರು ವಿವರಿಸಿದರು. ಯಾರಿಂದ ಕೆಟ್ಟಿತು ಎಂದು ಒಬ್ಬರು ಪಟ್ಟು ಹಿಡಿದರು. "ಲ್ಯಾಬು ನಂದು. ತಪ್ಪೂ ನಂದು" ಎಂದರು ಶೇಷಗಿರಿ. ಕರ್ಪೂರ, ರಾಜಣ್ಣ, ಚಾಮುಂಡಿ, ಯಾವ ಹೆಸರೂ ಅವರ ಬಾಯಿಂದ ಬರಲಿಲ್ಲ. ಯೋಜನೆ ಅಂದೇ ಮುಚ್ಚಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವರು ಮುಂದಿನ ತಿಂಗಳು ನಿವೃತ್ತರಾದರು. ಸ್ಪಂಜಿನ ಡಬ್ಬಿಯನ್ನು ಬಿಚ್ಚಿ ಉಗ್ರಾಣಕ್ಕೆ ಹಾಕಿದೆವು, ಆ ಇಂಜಿನ್ನು ರಸ್ತೆ ಕಾಣಲೇ ಇಲ್ಲ. ರಾಜಣ್ಣನಿಗೆ ನಿಜ ಗೊತ್ತಾದದ್ದು ಬಹಳ ದಿನಗಳ ಮೇಲೆ. "ದೇವರಿಗೆ ಇಟ್ಟಿದ್ದು ತಪ್ಪು ಹೆಂಗಾಗುತ್ತೆ ಮೇಡಂ?" ಎಂದು ಕೇಳಿದ. ತಪ್ಪಲ್ಲ ರಾಜಣ್ಣ, ಜಾಗ ತಪ್ಪು ಅಷ್ಟೇ ಎಂದೆ. ಈಗ ಅಂಥ ಕೋಣೆಗಳಲ್ಲಿ ಕೊಳವೆಯ ಬಾಯಿಗೆ ಬೀಗದ ಪಂಜರ ಇರುತ್ತದೆ. ಅದು ಯಾಕೆ ಎಂದು ನೀವು ಕೇಳುವುದಿಲ್ಲ, ಅದಕ್ಕೇ ಹೇಳಿದೆ.

ಆದರೆ ಹೇಳಲೇಬೇಕೆಂದು ಹೊರಟದ್ದು ಇದಲ್ಲ. ಸಭೆ ಮುಗಿಸಿ ನಾವಿಬ್ಬರೂ ಮೆಟ್ರೋ ಹತ್ತಿದೆವು. ಅವರ ಮನೆ ದೀಪಾಂಜಲಿ ನಗರದಲ್ಲಿ, ನನ್ನದು ಅದಕ್ಕೆ ಮುಂಚೆಯೇ, ವಿಜಯನಗರ. ಮಧ್ಯಾಹ್ನದ ಹೊತ್ತು, ಕೂರಲು ಜಾಗವಿತ್ತು. ನನಗೆ ಅವರ ಮೇಲೆ ಗೌರವ ಉಕ್ಕಿ ಬರುತ್ತಿತ್ತು. ಹೇಗೆ ಹೇಳುವುದೋ ತಿಳಿಯದೆ, "ದೊಡ್ಡ ಕೆಲಸ ಮಾಡಿದ್ರಿ ಸಾರ್" ಎಂದೆ.

"ದೊಡ್ಡದೂ ಇಲ್ಲ, ಚಿಕ್ಕದೂ ಇಲ್ಲ" ಎಂದರು ಹಳೆಯ ಸಿಡುಕಿನಲ್ಲಿ. "ನೀನು ಆ ಗೂಡಿಗೆ ತಲೆ ಹಾಕ್ದೇ ಇದ್ದಿದ್ರೆ ಎಷ್ಟು ಚೆನ್ನಾಗಿತ್ತು ಅಂತ ಎಷ್ಟು ಸಲ ಅಂದ್ಕೊಂಡೆ ಗೊತ್ತಾ? ನಿನ್ನ ಮೇಲೆ ಸಿಟ್ಟೇ ಬಂದಿತ್ತು."

ವಿಜಯನಗರ ಬಂತು. ಬಾಗಿಲು ತೆರೆಯಿತು, ಮುಚ್ಚಿತು. ನಾನು ಇಳಿಯಲಿಲ್ಲ. ಅವರೂ ಯಾಕೆಂದು ಕೇಳಲಿಲ್ಲ.

ಅತ್ತಿಗುಪ್ಪೆ ದಾಟಿದ ಮೇಲೆ, "ನಾನು ಏಳ್ದೇ ಇದ್ದಿದ್ರೆ ನೀನು ಎದ್ದು ಹೇಳ್ತಿದ್ಯಾ?" ಎಂದರು.

ಹೌದು ಎನ್ನಬೇಕೆಂದು ಬಾಯಿ ತೆರೆದೆ. ಅಂಥ ದಿನ, ಅಂಥ ಮನುಷ್ಯನ ಮುಂದೆ ಆ ಒಂದು ಪದ ಬರಲಿಲ್ಲ.

"ಗೊತ್ತಿಲ್ಲ ಸಾರ್" ಎಂದೆ.

ಅವರು ನನ್ನತ್ತ ತಿರುಗಿದರು.

"ನೀನು ಖಂಡಿತ ಹೇಳ್ತೀಯ ಅಂದ್ಕೊಂಡೇ ಎದ್ದೆ ಕಣಮ್ಮ ನಾನು" ಎಂದರು.